ಎದುರು ಅಂಗಡಿಯ ಹುರುಳಿಕಾಯಿ

ತೂಕ ಇಳಿಸಲೆಂದು ಮಾಂಸದಂಗಡಿಯವನ ಹೆಂಡತಿ ವಾರಕ್ಕೆ ಮೂರು ರಾತ್ರಿ ಮಾಂಸ ಬಿಟ್ಟು ಕಾಳು, ತರಕಾರಿ ತಿನ್ನತೊಡಗಿದಳು. ಗಂಡನಿಗೆ ಅದರ ಬೇಸರವಿರಲಿಲ್ಲ. ಅವನ ಹೊಟ್ಟೆ ಉರಿಸಿದವನು ಎದುರು ಅಂಗಡಿಯ ತರಕಾರಿಯವನು. ಸಂಜೆಯಾದರೆ ಅವಳು ಅಲ್ಲಿ ನಿಂತು ನಗುವುದು ಇವನಿಗೆ ಮಾಂಸ ಕತ್ತರಿಸುವಲ್ಲಿಂದಲೇ ಕಾಣುತ್ತಿತ್ತು. ಮೈ ಇಳಿದಷ್ಟೂ ಅವಳ ಮುಖಕ್ಕೆ ಕಳೆ ಏರುತ್ತಿತ್ತು.

"ಇನ್ಮೇಲೆ ತರಕಾರಿ ನಾನೇ ತರ್ತೀನಿ" ಎಂದ ಒಂದು ದಿನ. ದೂರದ ಮಾರುಕಟ್ಟೆಯಿಂದ ಹುರುಳಿಕಾಯಿ ತಂದು, ತಾನೇ ಹೆಚ್ಚಿ ಬೇಯಿಸಿ, ಅವಳ ಜೊತೆ ಅದನ್ನೇ ಉಣ್ಣಲು ಕೂತ.

ಅವಳು ಬಾಯಿಗೆ ಸಿಕ್ಕ ನಾರನ್ನು ತಟ್ಟೆಯಂಚಿಗಿಟ್ಟಳು. "ರುಚಿಯಾಗಿದೆ ರೀ. ಆದ್ರೆ ಕಾಯಿ ಬಲಿತಿದೆ. ಅವನಾದ್ರೆ ಎಳೇದೇ ಆರಿಸಿ ಕೊಡ್ತಿದ್ದ."

ಅವನು ತನ್ನ ಪಾಲನ್ನು ನಾರಿನ ಸಮೇತ ನುಂಗಿದ. ಮರುದಿನ ಬೆಳಿಗ್ಗೆ ಎದುರು ಅಂಗಡಿಗೆ ಹೋಗಿ, ತರಕಾರಿಯವನ ಮುಖ ನೋಡದೆ, "ಎಳೇ ಹುರುಳಿಕಾಯಿ ಕೊಡಪ್ಪ" ಎಂದ.