ಹನ್ನೆರಡರಿಂದ ನಾಲ್ಕು

ಹನ್ನೊಂದನೇ ಮೊಟ್ಟೆಯನ್ನು ಟಾರ್ಚಿನ ಬಾಯಿಗೆ ಹಿಡಿದು ಅವಳು ಉಸಿರು ಬಿಗಿಹಿಡಿದಳು. ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡಿದ್ದ ಕೋಣೆಯಲ್ಲಿ ಮೊಟ್ಟೆ ಕೆಂಪಗೆ ಬೆಳಗಿತು. ಒಳಗೆ ದಾರದೆಳೆಗಳಂಥ ನರಗಳು, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಮಿಸುಕಿತು. ಎಂಟನೇ ದಿನಕ್ಕೆ ಇಷ್ಟು ಜೀವ ಸಾಕು. ಅದನ್ನು ಇನ್‌ಕ್ಯುಬೇಟರಿಗೆ, ಮನೆಯವರ ಬಾಯಲ್ಲಿ ಮರಿಪೆಟ್ಟಿಗೆಗೆ, ಮರಳಿಸುವಷ್ಟರಲ್ಲಿ ಹೊರಗೆ ಧಡ್ ಎಂದು ಏನೋ ಬಿತ್ತು.

"ಬಂತು ನೋಡೇ ನಿನ್ನ ಸೂರ್ಯ!" ಅತ್ತೆ ಮುಂಬಾಗಿಲಿನಿಂದ ಕೂಗಿದರು. "ಲಾರಿಯಿಂದ ಇಳಿಸಿದ್ರೋ, ಆಕಾಶದಿಂದ ಬೀಳಿಸಿದ್ರೋ, ಆ ದೇವರಿಗೇ ಗೊತ್ತು."

ಬಾಗಿಲಲ್ಲಿ ಎರಡು ಪೆಟ್ಟಿಗೆಗಳಿದ್ದವು. 'ಗಾಜು, ಜೋಪಾನ' ಎಂಬ ಅಕ್ಷರಗಳ ಮೇಲೆಯೇ ಒಂದು ಬೂಟಿನ ಗುರುತು. ಒಂದರ ಮೂಲೆ ನೆಗ್ಗಿ ಒಳಗಿನ ಸೋಲಾರ್ ಹಲಗೆಯ ಕಟ್ಟು ಇಣುಕುತ್ತಿತ್ತು. ಇನ್ನೊಂದು ಅದರ ಬ್ಯಾಟರಿಯದು. ಲಾರಿಯವನು ಕಾಗದ ಚಾಚಿ, "ದಾರೀಲಿ ಆಗಿದ್ದು ನಂಗೊತ್ತಿಲ್ಲಮ್ಮ, ಸಹಿ ಹಾಕಿ" ಎಂದ. ಅವಳು ಮೊದಲು 'ಪೆಟ್ಟಿಗೆ ಜಖಂ ಆಗಿದೆ' ಎಂದು ಬರೆದು, ಅದರ ಕೆಳಗೆ ಸಹಿ ಹಾಕಿದಳು. ಅವನ ಮುಖ ಹುಳ್ಳಗಾಯಿತು.

ಕಂಪನಿಗೆ ಫೋನು ಮಾಡಿದರೆ ಹುಡುಗಿಯೊಬ್ಬಳ ಸಿಹಿ ದನಿ: "ಇಟ್ಕೋತೀರೋ ವಾಪಸ್ ಕಳಿಸ್ತೀರೋ, ಸಂಜೆ ಆರರೊಳಗೆ ಹೇಳಿ ಮೇಡಂ. ವಾಪಸ್ ಅಂದ್ರೆ ಬೇರೆ ಬರೋಕೆ ಒಂದೂವರೆ ತಿಂಗಳಾಗುತ್ತೆ."

ಒಂದೂವರೆ ತಿಂಗಳು! ಮರಿಪೆಟ್ಟಿಗೆಯೊಳಗಿನ ಎಂಬತ್ತು ಜೀವಗಳಿಗೆ ಉಳಿದಿದ್ದದ್ದು ಹದಿಮೂರೇ ದಿನ. ತಂತಿ ಬದಲಿಸುತ್ತೇವೆಂದು ಬೀದಿಗೆಲ್ಲ ಮಧ್ಯಾಹ್ನ ಕರೆಂಟು ತೆಗೆಯಲು ಶುರುಮಾಡಿದ ಮೇಲೆ ಹೋದ ಸಲದ ಮೊಟ್ಟೆಗಳು ಹತ್ತೊಂಬತ್ತನೇ ದಿನ ಹಾಗೆಯೇ ತಣ್ಣಗಾಗಿದ್ದವು. ಹಿತ್ತಲಲ್ಲಿ ಗುಂಡಿ ತೋಡಿದವಳು ಅವಳೇ. ಈ ಸಲ ಎಂಟು ದಿನ ಮಧ್ಯಾಹ್ನವೆಲ್ಲ ಬಿಸಿನೀರಿನ ಬಾಟಲಿ ಇಟ್ಟು ಹೇಗೋ ಕಾಪಾಡಿದ್ದಳು, ಕೊನೆಯ ದಿನಗಳಿಗೆ ಅದು ಸಾಲದು. ಬಟ್ಟೆ ಅಂಗಡಿಯಲ್ಲಿ ಒಂಬತ್ತು ವರ್ಷ, ಬೇರೆಯವರು ಹರವಿದ್ದನ್ನು ಮಡಿಸಿ ಮಡಿಸಿ ಇಟ್ಟು, ಒಂದು ದಿನ ಧೈರ್ಯ ಮಾಡಿ ಬಿಟ್ಟು ಬಂದಿದ್ದಳು. ಆ ಗುಂಡಿಯ ಸುದ್ದಿ ಅಂಗಡಿಯ ಯಜಮಾನರ ಕಿವಿಗೂ ಬಿದ್ದಿತ್ತು. "ಸೋಮವಾರದ ತನಕ ನಿನ್ನ ಜಾಗ ಖಾಲಿ ಇರುತ್ತಮ್ಮ" ಎಂದು ಹೇಳಿ ಕಳಿಸಿದ್ದರು. ಒಳ್ಳೆಯ ಮನುಷ್ಯರು. ಅದೇ ಕಷ್ಟ.

ಬೀದಿಯವರೆಲ್ಲ ವೈರಣ್ಣ ಎಂದು ಕರೆಯುವ ಎಲೆಕ್ಟ್ರಿಷಿಯನ್ ಬರುವ ಹೊತ್ತಿಗೆ, ಡ್ರೈವಿಂಗ್ ಕಲಿಸುವ ಗಂಡನೂ ಬೆಳಗಿನ ಪಾಠ ಮುಗಿಸಿ ಬಂದಿದ್ದ. ವೈರಣ್ಣ ಬ್ಯಾಟರಿಯ ಪೆಟ್ಟಿಗೆ ತೆರೆದವನೇ ಒಂದು ಹೆಜ್ಜೆ ಹಿಂದೆ ಸರಿದ. ಅದರ ಹೊಟ್ಟೆ ಒಳಕ್ಕೆ ಒತ್ತಿಹೋಗಿತ್ತು.

"ಅಕ್ಕಾ, ಇದನ್ನ ಮನೆಯೊಳಗೆ ತರಲೇಬೇಡಿ. ಬೆಂಕಿ ಹತ್ತಿದ್ರೆ ಮರಿ ಅಲ್ಲ, ಕೋಳಿ ಸುಟ್ಟ ವಾಸನೇನೇ ಬರೋದು."

ಹಲಗೆಯನ್ನು ಅಂಗಳದ ಬಿಸಿಲಿಗೆ ಒರಗಿಸಿ ಮೀಟರಿನ ಎರಡು ಕಡ್ಡಿ ಚುಚ್ಚಿದ. ಗಾಜಿನ ಮೇಲೆ ಬೆರಳಾಡಿಸಿದ, ಬೆನ್ನು ತಿರುಗಿಸಿ ನೋಡಿದ. "ಕಟ್ಟು ಬಗ್ಗಿದೆ ಅಷ್ಟೆ. ಬರೆದಿರೋಷ್ಟು ಕರೆಂಟು ಹತ್ರಹತ್ರ ಬರ್ತಿದೆ. ಆದ್ರೆ ಒಳಗೆ ಕೂದಲೆಳೆ ಬಿರುಕಿದ್ರೆ ಇವತ್ತು ಗೊತ್ತಾಗಲ್ಲ. ಆರು ತಿಂಗಳು ಬಿಟ್ಟು ಕೈ ಕೊಡಬಹುದು, ಕೊಡದೇನೂ ಇರಬಹುದು."

"ಎರಡನ್ನೂ ವಾಪಸ್ ಕಳ್ಸು" ಎಂದ ಗಂಡ. "ನಾಳೆ ಕೆಟ್ರೆ ಯಾರನ್ನ ಕೇಳ್ತೀಯಾ? ಬಿರುಕು ಬಿಟ್ಟಿದ್ದನ್ನ ಗೊತ್ತಿದ್ದೂ ಯಾರಾದ್ರೂ ಇಟ್ಕೋತಾರಾ?"

"ಬಿರುಕು ಬಿಟ್ಟ ಮೊಟ್ಟೆಗೆ ಮೇಣ ಹಚ್ಚಿ ಮರಿ ತೆಗೆದಿದೀನಲ್ಲ."

"ಇದಕ್ಕೂ ಮೇಣ ಹಚ್ತೀಯೇನೇ?" ಎಂದರು ಅತ್ತೆ. ವೈರಣ್ಣ ಕಿಸಕ್ಕನೆ ನಕ್ಕ. ಅವಳಿಗೂ ನಗು ಬಂತು. ಬಗ್ಗಿದ ಮೂಲೆಯನ್ನೇ ನೋಡಿದಳು. ಅಂಗಳದ ಬಿಸಿಲು ಪಾದ ಸುಡುತ್ತಿತ್ತು.

"ರೀ, ಕರೆಂಟು ಹೋಗೋದು ಎಷ್ಟು ಗಂಟೆಗೆ?"

"ಗೊತ್ತಿಲ್ವಾ? ಹನ್ನೆರಡಕ್ಕೆ."

"ಬರೋದು?"

"ನಾಲ್ಕಕ್ಕೆ. ಯಾಕೆ?"

"ಬಿಸಿಲಿರೋ ಹೊತ್ತೇ ಅಲ್ವಾ ಅದು? ನಂಗೆ ಬೆಳಕು ಕೂಡಿಡೋದು ಬೇಡ. ಬಿದ್ದಿದ್ದು ಬಿದ್ದ ಹಾಗೇ ಒಳಗೆ ಬಂದ್ರೆ ಸಾಕು."

ವೈರಣ್ಣ ತಲೆ ಕೆರೆದುಕೊಂಡ. "ಹೌದಲ್ಲ ಅಕ್ಕಾ! ಮೋಡ ಅಡ್ಡ ಬಂದಾಗ ಆಸರೆಗೆ ಒಂದು ಬ್ಯಾಟರಿ ಬೇಕು, ಅಷ್ಟೆ. ನನ್ನ ಅಂಗಡೀಲಿ ಹಳೇ ಕಾರಿನದೊಂದಿದೆ, ಮುದುಕ, ಆದ್ರೂ ಉಸಿರಿದೆ. ಹೊಸದು ಬರೋ ತನಕ ಇಟ್ಕೊಳ್ಳಿ."

"ಮೋಡ ಜಾಸ್ತಿ ಆದ್ರೆ?" ಎಂದ ಗಂಡ. ಅವಳು ಫೋನು ತೆಗೆದುಕೊಂಡಳು. "ಬ್ಯಾಟರಿ ವಾಪಸ್. ಹಲಗೆ ನಂಗಿರಲಿ." ಆ ಕಡೆಯ ಹುಡುಗಿ ಯಾರನ್ನೋ ಕೇಳಿ ಬಂದು, ಆಗುತ್ತಂತೆ ಎಂದಳು.

ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿರುವಾಗ ವೈರಣ್ಣ ಅಂಗಡಿಯಿಂದ ತಂದ ಹಳೇ ಬ್ಯಾಟರಿಗೆ ಕೊನೆಯ ತಂತಿ ಬಿಗಿದ. ಅವಳು ಮರಿಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಎದುರುಮನೆಯ ಮಿಕ್ಸಿ ಅರ್ಧಕ್ಕೇ ನಿಂತಿತು. ಪಕ್ಕದ ಮನೆಯ ಟೀವಿ ಬಾಯಿ ಮುಚ್ಚಿತು. ಬೀದಿಯೇ ಸ್ತಬ್ಧ. ಪೆಟ್ಟಿಗೆಯೊಳಗಿನ ಪುಟ್ಟ ಫ್ಯಾನು ಮಾತ್ರ ಗುಂಯ್ ಎನ್ನುತ್ತಲೇ ಇತ್ತು.

"ತಿರುಗ್ತಿದೆಯೇನೇ?"

"ತಿರುಗ್ತಿದೆ ಅತ್ತೆ."

ಒಂದು ಮೋಡ ಹಾದುಹೋಯಿತು. ಶಾಖ ತೋರಿಸುವ ಮುಳ್ಳು ಎರಡು ಗೆರೆ ಕೆಳಗಿಳಿಯಿತು, ತಡವರಿಸಿತು, ಮತ್ತೆ ಮೇಲೇರಿತು.

ಗಂಡ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದ. "ಪರವಾಗಿಲ್ಲ ಕಣೇ" ಎಂದ. ಆಮೇಲೆ, ನೆನಪಾದವನಂತೆ, "ಸೋಮವಾರ ಕೆಲಸಕ್ಕೆ ನಿನ್ನ ಬಟ್ಟೆ ಅಂಗಡಿ ಹತ್ರ ನಾನೇ ಬಿಡ್ತೀನಿ. ಹೇಗೂ ಆ ಕಡೆ ಒಂದು ಪಾಠ ಇದೆ."

"ನೀವು ಮೊದಲು ಊಟ ಮಾಡಿ."

ಅವನು ಹೋದ ಮೇಲೆ ಅವಳು ಖಾಲಿ ಬಿದ್ದಿದ್ದ ಕೆಳಗಿನ ತಟ್ಟೆಯನ್ನು ಎಳೆದು, ಒದ್ದೆ ಬಟ್ಟೆಯಿಂದ ಮೂಲೆ ಮೂಲೆ ಒರೆಸಿದಳು. ಮೊನ್ನೆ ಬಂದ ಹೊಸ ಮೊಟ್ಟೆಗಳ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ಸೋಮವಾರದಿಂದ ಇಪ್ಪತ್ತೊಂದು ದಿನ ಬೆರಳಲ್ಲಿ ಎಣಿಸಿದಳು. ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಮೊದಲನೆಯದರ ಚಿಪ್ಪಿನ ಮೇಲೆ, ಒತ್ತದೆ, ಮರಿ ಹೊರಬರುವ ಆ ತಾರೀಕು ಬರೆದಳು.