ಅತ್ತೆಯ ಸ್ಕ್ರೂ

ಕಾರ್ಬುರೇಟರ್ ಬಿಚ್ಚಬೇಕು, ತೊಳೆಯಬೇಕು, ಮತ್ತೆ ಜೋಡಿಸಬೇಕು, ಆದರೆ ಅದರಲ್ಲಿರುವ ಒಂದು ಸ್ಕ್ರೂ ಮಾತ್ರ ಮುಟ್ಟಕೂಡದು ಎಂದರೆ ಯಾವ ಮೆಕ್ಯಾನಿಕ್ಕಿಗೆ ಸಿಟ್ಟು ಬರುವುದಿಲ್ಲ ಹೇಳಿ? ನನಗಂತೂ ಬಂತು. ನನಗೆ ಸಿಟ್ಟು ಬರಲು ಅಷ್ಟು ದೊಡ್ಡ ಕಾರಣವೂ ಬೇಕಾಗಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ಬಿಡಿ.

"ಅಲ್ಲಮ್ಮಾ, ತಲೆ ಮುಟ್ಟದೆ ಕ್ಷೌರ ಮಾಡು ಅಂದ ಹಾಗಾಯ್ತಲ್ಲ ಇದು!" ಎಂದೆ.

"ಏನಾದ್ರೂ ಅನ್ಕೊಳ್ಳಿ ಮೇಸ್ತ್ರಿ. ಆ ಸ್ಕ್ರೂ ಕೂರಿಸಿದ್ದು ನಮ್ಮತ್ತೆ. ಅದು ಹಾಗೇ ಇರ್ಲಿ."

ಹೇಳಿದವಳು ಜೇನು ಸಾಕುವ ಹೆಂಗಸು. ಗುಡ್ಡದ ಬುಡದಲ್ಲಿ ಮನೆ, ಮನೆಯ ಸುತ್ತ ಜೇನುಪೆಟ್ಟಿಗೆ. ಹೂವು ಎಲ್ಲಿ ಬಿಟ್ಟಿದೆಯೋ ಪೆಟ್ಟಿಗೆಗಳನ್ನು ಅಲ್ಲಿಗೆ ಸಾಗಿಸಬೇಕು. ರಸ್ತೆಯಿಲ್ಲದ ಕಡೆ ಹತ್ತಲು ಅವರಲ್ಲೊಂದು ನಾಲ್ಕು ಚಕ್ರದ ಬೈಕು ಇತ್ತು. ಬೈಕಿನ ಹಾಗೇ ಹ್ಯಾಂಡಲ್ಲು, ಬೈಕಿನ ಹಾಗೇ ಕಾಲು ಹಾಕಿ ಕೂರುವುದು, ಆದರೆ ದಪ್ಪ ದಪ್ಪ ನಾಲ್ಕು ಟೈರು. ಕಲ್ಲು, ಕೆಸರು, ಮರಳು ಯಾವುದಕ್ಕೂ ಅದು ಜಗ್ಗದು. ಅದನ್ನು ಕೊಂಡವಳೂ ಓಡಿಸಿದವಳೂ ಕೈ ಮಸಿ ಮಾಡಿಕೊಂಡು ರಿಪೇರಿ ಮಾಡಿಕೊಂಡವಳೂ ಅತ್ತೆ. ಆಕೆ ಇರುವತನಕ ಆ ಗಾಡಿ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ.

ಅತ್ತೆ ಸೊಸೆಯರದು ಎಣ್ಣೆ ಸೀಗೆಕಾಯಿ. ಒಂದೇ ಸೀಟಿನಲ್ಲಿ ಹಿಂದೆ ಮುಂದೆ ಕೂತು, ಎಂಜಿನ್ನಿಗಿಂತ ಜೋರಾಗಿ ಜಗಳವಾಡುತ್ತ ಅವರು ಗುಡ್ಡ ಹತ್ತುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಪೆಟ್ಟಿಗೆಗೆ ಹೊಗೆ ಹೆಚ್ಚು ಹಾಕಿದೆ ಎಂದು ಇವಳಿಗೆ ಆಕೆಯ ಬೈಗುಳ, ಬ್ರೇಕು ಹಿಡಿಯಲು ಬರುವುದಿಲ್ಲ ಎಂದು ಆಕೆಗೆ ಇವಳ ಬೈಗುಳ. ಎರಡೂವರೆ ವರ್ಷದ ಹಿಂದೆ ಒಂದು ಬೆಳಿಗ್ಗೆ ಆಕೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಈಗ ಸೊಸೆ ಒಬ್ಬಳೇ ಹತ್ತುತ್ತಾಳೆ, ಒಬ್ಬಳೇ ಇಳಿಯುತ್ತಾಳೆ.

ಈ ವರ್ಷ ಕೆಳಗಿನ ಹೂವು ಬೇಗ ಮುಗಿದುಹೋಗಿತ್ತು. ಗುಡ್ಡದ ನೆತ್ತಿಯ ಪೊದೆಗಳಲ್ಲಿ ಮಾತ್ರ ಹೂವು, ಅದೂ ಇನ್ನು ಎಂಟು ದಿನ. ಅಷ್ಟರೊಳಗೆ ಪೆಟ್ಟಿಗೆ ಮೇಲಕ್ಕೆ ಹೋಗದಿದ್ದರೆ ಹುಳುಗಳು ಹಸಿದು ಸಾಯುತ್ತವೆ, ಇಲ್ಲವೇ ಗೂಡು ಬಿಟ್ಟು ಹಾರಿಹೋಗುತ್ತವೆ. ಗಾಡಿ ನೋಡಿದರೆ ಮುಕ್ಕಾಲು ಗುಡ್ಡ ಹತ್ತುವಷ್ಟರಲ್ಲಿ ಕೆಮ್ಮುತ್ತದೆ, ಕರಿಹೊಗೆ ಬಿಡುತ್ತದೆ, ನಿಂತುಬಿಡುತ್ತದೆ. ಮೂರು ದಿನ ಹೀಗೆಯೇ ಆಗಿತ್ತು.

ಪ್ಲಗ್ಗು ಬಿಚ್ಚಿ ನೋಡಿದೆ. ಬಾಣಲೆಯ ತಳದ ಹಾಗೆ ಮಸಿ ಹಿಡಿದಿತ್ತು. ಇದಕ್ಕೆ ಪಂಡಿತನೇನೂ ಬೇಕಾಗಿಲ್ಲ.

"ನೋಡಮ್ಮಾ, ಮೇಲಕ್ಕೆ ಹೋದ ಹಾಗೆಲ್ಲ ಗಾಳಿ ತೆಳು. ಪೆಟ್ರೋಲು ಮಾತ್ರ ಇಲ್ಲಿ ಬಂದಷ್ಟೇ ಬರುತ್ತೆ. ಹೊಟ್ಟೆ ಬಿರಿಯ ಉಂಡವನು ಮೆಟ್ಟಿಲು ಹತ್ತೋಕಾಗುತ್ತಾ? ಸ್ವಲ್ಪ ಗಾಳಿ ಜಾಸ್ತಿ ಕೊಡ್ಬೇಕು. ಆ ಗಾಳಿ ಕೊಡೋ ಸ್ಕ್ರೂನೇ ಅದು. ನಿಮ್ಮತ್ತೆ ಅಷ್ಟು ಮೇಲೆ ಯಾವತ್ತೂ ಹೋಗಿರ್ಲಿಲ್ಲ, ಅದಕ್ಕೇ ಅವರಿಗೆ ತೊಂದ್ರೆ ಬರ್ಲಿಲ್ಲ."

ಅವಳು ನನ್ನ ಸ್ಟೂಲಿನ ಮೇಲೆ ಕೂತು, ನನಗೆ ಹೇಳಿದಳೋ ನೆಲಕ್ಕೆ ಹೇಳಿದಳೋ, ಮೆಲ್ಲಗೆ ಮಾತು ಶುರುಮಾಡಿದಳು.

"ಅವರು ಹೋದ್ಮೇಲೆ ಮನೇಲಿ ಎಲ್ಲಾ ಬದಲಾಯಿಸ್ಬಿಟ್ಟೆ ಮೇಸ್ತ್ರಿ. ಪಾತ್ರೆ ಇಡೋ ಜಾಗ, ಮಂಚ ಹಾಕಿದ್ದ ಕಡೆ, ಎಲ್ಲಾ. ಅವರಿದ್ದಾಗ ಬಿಡ್ತಿರ್ಲಿಲ್ಲವಲ್ಲ, ಆ ಹಟಕ್ಕೆ. ಈಗ ಅವರು ಕೈಯಿಟ್ಟ ಹಾಗೇ ಉಳಿದಿರೋದು ಇದೊಂದೇ. ಗಾಡಿ ನಿಂತಲ್ಲೇ ಗುರ್ ಅನ್ನುತ್ತಲ್ಲ, ಥೇಟ್ ಅವರು ಗೊಣಗಿದ ಹಾಗೇ. ನಾನು ಮಾತಾಡ್ತೀನಿ. ನಗಬೇಡಿ."

ನಾನು ನಗಲಿಲ್ಲ. ಟಾರ್ಚು ಹಿಡಿದು ಬಗ್ಗಿ, ಹೊಗಳುವ ದನಿಯಲ್ಲಿ "ಎಲ್ಲಿ, ಅತ್ತೆಯ ಕೈಗುಣ ನೋಡೋಣ" ಎಂದೆ.

ಇಪ್ಪತ್ತು ವರ್ಷದ ಗಾಡಿಯಲ್ಲಿ ಆ ಸ್ಕ್ರೂವಿನ ತಲೆ ಹೊಸದಾಗಿ ಹಳದಿಯಾಗಿ ಹೊಳೆಯುತ್ತಿತ್ತು.

ಆಗ ಎಲ್ಲ ನೆನಪಾಯಿತು. ಅತ್ತೆ ಹೋದ ಮೇಲೆ ಕೆಲವು ತಿಂಗಳು ಗಾಡಿ ಮೂಲೆಯಲ್ಲಿ ನಿಂತಿತ್ತು. ಇವಳ ಗಂಡ ಅದನ್ನು ಟೆಂಪೋದಲ್ಲಿ ಹೇರಿಕೊಂಡು ನನ್ನಲ್ಲಿಗೆ ತಂದಿದ್ದ. ಪೆಟ್ರೋಲು ಒಳಗೇ ಅಂಟಾಗಿತ್ತು. ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಕೊನೆತನಕ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಎಣಿಸಿಕೊಳ್ಳುವುದು ನಮ್ಮ ಕಸುಬಿನ ಮೊದಲ ಪಾಠ. ಅಷ್ಟೇ ಸುತ್ತು ಹಿಂದಕ್ಕೆ ಬಿಟ್ಟರೆ ಮೊದಲಿದ್ದ ಜಾಗಕ್ಕೇ ಬರುತ್ತದೆ. ಅವತ್ತು ನಾನು ಒಂದು ಎನ್ನುವ ಮೊದಲೇ ಸ್ಕ್ರೂವಿನ ತಲೆ ಮುರಿದು ಕೈಗೆ ಬಂದಿತ್ತು. ಬುಡವನ್ನು ಕೊರೆದು ತೆಗೆದು, ಹೊಸದು ಹಾಕಿ, ನನ್ನ ಕಿವಿಗೆ ಹಿತವಾದ ಕಡೆ ನಿಲ್ಲಿಸಿದ್ದೆ. ಗಂಡನಿಗೂ ಹೇಳಿದ್ದೆ. ಆ ಪುಣ್ಯಾತ್ಮ ಎಲ್ಲದಕ್ಕೂ ಹೂಂ ಎನ್ನುವವನು, ಹೂಂ ಎಂದು ಹೋಗಿದ್ದ; ಹೆಂಡತಿಗೆ ಹೇಳಲೇ ಇಲ್ಲವೆಂದು ಕಾಣುತ್ತದೆ.

ಎರಡು ವರ್ಷದಿಂದ ಇವಳು ಕಾಪಾಡಿಕೊಂಡು ಬಂದದ್ದು ನನ್ನ ಸ್ಕ್ರೂ.

ಹೇಳಬೇಕಿತ್ತು, ಹೇಳಲಿಲ್ಲ. ಗಿರಾಕಿಗಳಿಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ನನ್ನ ಬಾಯಿಗೆ ಅವತ್ತು ಏನಾಗಿತ್ತೋ. "ಇಲ್ಲಿ ಕೂತು ಏನೂ ತಿಳಿಯಲ್ಲ. ನಾಳೆ ಬೆಳಿಗ್ಗೆ ಮೇಲಕ್ಕೆ ಹೋಗಿ ನೋಡೋಣ" ಎಂದು ಜಾರಿಕೊಂಡೆ.

"ನೋಡೋದಕ್ಕೆ ಮಾತ್ರ" ಎಂದಳು.

ಬೆಳಿಗ್ಗೆ ಗುಡ್ಡವೇ ಕಾಣದಷ್ಟು ಮಂಜು. ಬಾಗಿಲು ಮುಚ್ಚಿದ ಆರು ಪೆಟ್ಟಿಗೆ ಹಿಂದಿನ ಪುಟ್ಟ ಟ್ರೇಲರಿನಲ್ಲಿದ್ದವು. ಅವಳು ಮುಂದೆ, ನಾನು ಹಿಂದೆ ಕೂತೆ. ಹೊರಟ ಸ್ವಲ್ಪ ಹೊತ್ತಿಗೆ ನೆಲವೂ ಇಲ್ಲ, ಆಕಾಶವೂ ಇಲ್ಲ, ಎಲ್ಲ ಬರೀ ಬಿಳಿ. ಒಮ್ಮೆ ಒಂದು ಮರ ಪಕ್ಕಕ್ಕೆ ಬಂದು, ನಮ್ಮನ್ನು ನೋಡಿಕೊಂಡು ಹೋಯಿತು. ಬೆನ್ನ ಹಿಂದೆ ಸಾವಿರಾರು ಹುಳುಗಳ ಗುಂಯ್, ಕಾಲ ಕೆಳಗೆ ಎಂಜಿನ್ನಿನ ಗುರ್. ಎರಡೂ ಬೆರೆತು, ಯಾವುದು ಯಾವುದೆಂದು ತಿಳಿಯದೆ ಕಣ್ಣು ಮುಚ್ಚಿಕೊಂಡೆ. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ನಾವು ಹತ್ತುತ್ತಿದ್ದೇವೋ ತೇಲುತ್ತಿದ್ದೇವೋ ಗೊತ್ತಾಗಲಿಲ್ಲ. ಎಷ್ಟು ಹೊತ್ತಾಯಿತೆಂದು ಯಾರಾದರೂ ಕೇಳಿದ್ದರೆ ನನ್ನ ಚಿಕ್ಕಂದಿನಿಂದ ಹೀಗೆಯೇ ಕೂತಿದ್ದೇನೆ ಎನ್ನುತ್ತಿದ್ದೆನೇನೋ.

"ನೋಡಿ ಅತ್ತೆ, ಮೇಸ್ತ್ರೀನ ಕರ್ಕೊಂಡು ಬಂದಿದೀನಿ. ನಿಮ್ದೇನೂ ಮುಟ್ಟಲ್ವಂತೆ. ಸುಮ್ನೆ ಗೊಣಗ್ಬೇಡಿ" ಎಂದಳು ಅವಳು, ಹ್ಯಾಂಡಲ್ಲಿನ ಕಡೆ ಬಗ್ಗಿ.

ದೇವರಾಣೆಗೂ ನನಗೂ ಯಾರೋ ಗೊಣಗಿದ್ದು ಕೇಳಿಸಿತು. ಹಲ್ಲಿಲ್ಲದ ಬಾಯಿಯ ಗೊಣಗು, ಪ್ರೀತಿಯದೋ ಸಿಟ್ಟಿನದೋ ತಿಳಿಯದ್ದು. ನಾನೇ ಸ್ಕ್ರೂ ತಿರುಗಿಸಿ ಮಾಡಿದ ಸದ್ದು ಎಂದು ಗೊತ್ತಿದ್ದೂ, ಅಲ್ಲೊಬ್ಬಳು ಮುದುಕಿ ನಮ್ಮಿಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂತಿದ್ದಾಳೆ ಎನಿಸಿತು. ಸ್ವಲ್ಪ ಹಿಂದಕ್ಕೆ ಸರಿದು ಜಾಗ ಬಿಟ್ಟೆ.

ಆಮೇಲೆ ಗಾಡಿ ಕೆಮ್ಮಿತು. ಎರಡು ಸಲ ಮುಗ್ಗರಿಸಿತು. ಕರಿಹೊಗೆ ಮಂಜಿನೊಳಗೆ ಕಲೆಯ ಹಾಗೆ ಹರಡಿತು. ಎಂಜಿನ್ ನಿಂತಿತು, ಹುಳುಗಳ ಸದ್ದು ಮಾತ್ರ ಉಳಿಯಿತು.

ಅವಳು ಇಳಿಯಲಿಲ್ಲ.

"ವಾಪಸ್ ಹೋಗೋಣ ಮೇಸ್ತ್ರಿ."

"ಹುಳ?"

"ಹೋದ್ರೆ ಹೋಗ್ಲಿ. ಅವರಿಗೆ ಇಷ್ಟ ಇಲ್ಲ ಅನ್ಸುತ್ತೆ, ನಾನು ಇಷ್ಟು ಮೇಲೆ ಬರೋದು."

ಅಯ್ಯೋ, ಇದೇನಿದು! ಆರು ಪೆಟ್ಟಿಗೆ ಜೀವ ಬೆನ್ನ ಹಿಂದೆ ಗುಂಯ್‌ಗುಡುತ್ತಿದೆ, ಇವಳು ನಾನು ಹಾಕಿದ ಒಂದು ಪುಡಿ ಸ್ಕ್ರೂವಿಗೆ ಹೆದರಿ ತಿರುಗಿ ಹೊರಟಿದ್ದಾಳೆ. ನನ್ನ ಪಿತ್ತ ನೆತ್ತಿಗೇರಿತು. ಅವಳ ಮೇಲಲ್ಲ, ನನ್ನ ಮೇಲೆ.

"ಅದು ನಿಮ್ಮತ್ತೆ ಅಲ್ಲಮ್ಮಾ, ನಾನು!" ಎಂದು ಕೂಗಿಬಿಟ್ಟೆ.

ಅವಳು ತಿರುಗಿ ನೋಡಿದಳು. ಇನ್ನು ನಿಲ್ಲಿಸುವಂತಿರಲಿಲ್ಲ. ಅಂಟು ಹಿಡಿದದ್ದು, ತಲೆ ಮುರಿದದ್ದು, ಎಣಿಸಲಾಗದ್ದು, ಹೊಸದು ಹಾಕಿದ್ದು, ನಿನ್ನೆ ನೋಡಿಯೂ ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡದೆ ಹೇಳಿದೆ.

"ಹಳೇ ಸ್ಕ್ರೂ ಎಲ್ಲಿದೆ?"

"ಅವತ್ತೇ ಗುಜರಿಗೆ ಹೋಯ್ತು. ತಪ್ಪಾಯ್ತಮ್ಮಾ."

"ಮತ್ತೆ ಎರಡು ವರ್ಷದಿಂದ ನಾನು ಮಾತಾಡ್ತಿದ್ದಿದ್ದು?"

ಬೈಯುತ್ತಾಳೆ ಎಂದುಕೊಂಡೆ. ಅವಳಿಗೆ ನಗು ಬಂತು. "ಗಂಡನ ಮೇಲಿನ ಚಾಡಿಯೆಲ್ಲಾ ನಿಮ್ಮ ಸ್ಕ್ರೂಗೆ ಹೇಳಿದೀನಿ" ಎಂದು ನಕ್ಕಳು. ನಗುತ್ತ ನಗುತ್ತ ಗಾಡಿಯಿಂದ ಇಳಿದು ಒದ್ದೆ ಹುಲ್ಲಿನ ಮೇಲೆ ಕುಸಿದಳು. ನಗು ಯಾವಾಗ ಮುರಿದು ಅಳುವಾಯಿತೋ ನನಗೆ ತಿಳಿಯಲಿಲ್ಲ.

"ಹಂಗಾದ್ರೆ ಅತ್ತೆ ಹೋಗ್ಬಿಟ್ಟಿದ್ದಾರೆ" ಎಂದಳು. "ಅವರು ಹೋದಾಗ ನಾನು ಅಳಲೇ ಇಲ್ಲ ಮೇಸ್ತ್ರಿ. ಯಾಕೆ ಅಳ್ಬೇಕು, ಇಲ್ಲೇ ಇದ್ದಾರಲ್ಲಾ ಅಂತ."

ಸಮಾಧಾನ ಮಾಡುವ ಕಲೆ ನನಗೆ ಬರುವುದಿಲ್ಲ. ನನಗೆ ಬರುವುದೊಂದೇ, ಅದನ್ನೇ ಮಾಡಿದೆ. ಆಕ್ಸಿಲರೇಟರ್ ಪೂರ್ತಿ ಹಿಡಿದು ಸ್ಟಾರ್ಟ್ ಒತ್ತಿದೆ. ನಾಲ್ಕನೆಯ ಸಲಕ್ಕೆ ಎಂಜಿನ್ ಹತ್ತಿಕೊಂಡಿತು. ಕೈ ಬಿಟ್ಟರೆ ನಿಂತುಬಿಡುತ್ತದೆ ಎಂದು, ಅವಳ ಅಳು ಮುಗಿಯುವತನಕ ಹ್ಯಾಂಡಲ್ಲು ಹಿಡಿದುಕೊಂಡು ನಿಂತೇ ಇದ್ದೆ. ಮಂಜು ಸ್ವಲ್ಪ ಸರಿದು ಮೇಲಿನ ಪೊದೆಗಳು ಕಂಡವು. ಅವುಗಳ ತುಂಬ ಸಣ್ಣ ಬಿಳಿ ಹೂವು.

ಅವಳು ತೋಳಿನಿಂದ ಮುಖ ಒರೆಸಿಕೊಂಡು ಎದ್ದಳು. ನನ್ನ ಜೇಬಿನಿಂದ ಸ್ಕ್ರೂಡ್ರೈವರ್ ಎಳೆದುಕೊಂಡು ಎಂಜಿನ್ನಿನ ಪಕ್ಕ ಮಂಡಿಯೂರಿದಳು.

"ಯಾವ ಕಡೆ ತಿರುಗಿಸ್ಬೇಕು ಮೇಸ್ತ್ರಿ?"

"ಎಡಕ್ಕೆ" ಎಂದೆ. "ಮೆಲ್ಲಗೆ."