ಅಪ್ಪನ ಲಾರಿಯ ಇಂಜಿನ್ ಬಿಚ್ಚಿದಾಗ

ತೂಕದವನಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುತ್ತಿರಲಿಲ್ಲ. ಅದರಲ್ಲಿ ಅವನ ತಪ್ಪೇನೂ ಇಲ್ಲ, ಕೆಲಸವೇ ಅಂಥದ್ದು. ಊರ ಹೊರಗಿನ ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ ಕೂತು ಬಂದ ಲಾರಿಗಳನ್ನೆಲ್ಲ ತೂಗಬೇಕು. ಒಬ್ಬ ಡ್ರೈವರ್ ಹಿಂದಿನ ಗಾಲಿಯನ್ನು ತೂಕದ ತಟ್ಟೆಯಿಂದ ಗೇಣುದ್ದ ಹೊರಗೆ ನಿಲ್ಲಿಸಿ ಏನೂ ಅರಿಯದವನಂತೆ ಹಲ್ಲು ಕಿರಿಯುತ್ತಾನೆ. ಇನ್ನೊಬ್ಬ ಖಾಲಿ ಲಾರಿ ತೂಗಿಸುವಾಗ ಕ್ಲೀನರನನ್ನೂ ನೀರಿನ ಡ್ರಮ್ಮನ್ನೂ ಒಳಗೇ ಬಚ್ಚಿಟ್ಟಿರುತ್ತಾನೆ. ಇಂಥವರ ನಡುವೆ ವರ್ಷಗಟ್ಟಲೆ ಕೂತವನಿಗೆ ಯಾರಾದರೂ ‘ಚೆನ್ನಾಗಿದ್ದೀರಾ’ ಅಂದರೂ ಇವನ್ಯಾಕೆ ಕೇಳಿದ ಅನ್ನಿಸುತ್ತಿತ್ತು. “ನಿಮ್ಮನ್ನ ಕಟ್ಕೊಂಡು ನಾನು ನಕ್ಕರೂ ರಸೀದಿ ಕೊಡಬೇಕು” ಎಂದು ಹೆಂಡತಿ ತಮಾಷೆ ಮಾಡುತ್ತಿದ್ದಳು.

ಅಂಥವನು ಅಪ್ಪನ ಹಳೇ ಲಾರಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ ನಿಲ್ಲಿಸಿದ್ದು, ಅಪ್ಪ ಸಾಯುವವರೆಗೂ ಶಪಿಸಿದ ಮನುಷ್ಯನ ಗ್ಯಾರೇಜಿನ ಮುಂದೆ.

ಬೇರೆ ದಾರಿಯಿರಲಿಲ್ಲ. ಮೂತಿ ಮುಂದಕ್ಕೆ ಚಾಚಿದ, ಗುಂಡು ದೀಪಗಳ ಆ ಲಾರಿಯನ್ನು ಕಂಡರೆ ಈಗಿನ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತಿ, ಫೋಟೋ ತೆಗೆದುಕೊಂಡು, ತಲೆಯಾಡಿಸಿ ಹೋಗುತ್ತಿದ್ದರು. ಅದರ ಕರುಳು ಬಲ್ಲವನು ಒಬ್ಬನೇ. ಅಪ್ಪನ ಜೊತೆ ಆಡಿ ಬೆಳೆದ ಗೆಳೆಯ, ತೂಕದವನು ಚಿಕ್ಕವನಿದ್ದಾಗ ‘ಚಿಕ್ಕಪ್ಪ’ ಎಂದು ಕರೆದು ಹೆಗಲೇರುತ್ತಿದ್ದ ಮುದಿ ಮೆಕ್ಯಾನಿಕ್. ಅವನು ಒಮ್ಮೆ ಲಾರಿಯನ್ನು ತನಗೆ ಮಾರು ಅಂದನಂತೆ, ಅಪ್ಪ ಒಲ್ಲೆನೆಂದನಂತೆ. ಆಮೇಲೆ ಅವನೇ ವಾಲ್ವ್ ಕೆಲಸ ಮಾಡಿಕೊಟ್ಟ ಸ್ವಲ್ಪ ದಿನಕ್ಕೆ ಇಂಜಿನ್ ಒಳಗಿನಿಂದ ಸುತ್ತಿಗೆ ಬಡಿದಂತೆ ಸದ್ದು ಮಾಡಿ, ಲೋಡಿಂಗ್ ಅಂಗಳದಲ್ಲೇ ಕಚ್ಚಿಕೊಂಡು ನಿಂತಿತು. ಮೆಕ್ಯಾನಿಕ್ ಬಂದು ಬಿಚ್ಚದೆಯೇ, “ಒಳಗೆಲ್ಲ ಹೋಗಿದೆ, ಇದರ ಬಿಡಿಭಾಗ ಸಿಗಲ್ಲ” ಅಂದ. “ಕೊಡಲ್ಲ ಅಂದಿದ್ದಕ್ಕೆ ಹೊಟ್ಟೆಕಿಚ್ಚಿಗೆ ಕೊಂದ ಇದನ್ನ” ಎಂದ ಅಪ್ಪ ಅವನ ಮುಖ ನೋಡಲಿಲ್ಲ. ಎಳೆಸಿ ತಂದ ಲಾರಿಯ ಪಕ್ಕ ಮನೆಯ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತೇ ಉಳಿದ ಆಯುಷ್ಯ ಕಳೆದ.

ಅಪ್ಪ ಹೋಗಿ ವರ್ಷವಾದ ಮೇಲೆ ಲಾರಿಯನ್ನು ಮತ್ತೆ ಓಡಿಸಬೇಕೆನ್ನುವ ಹಟ ಮಗನಿಗೆ ಹಿಡಿಯಿತು. ಇಂಜಿನ್ ಬಿಚ್ಚಿದರೆ ಅಪ್ಪ ಹೇಳಿದ್ದು ನಿಜವೋ ಸುಳ್ಳೋ ಕಣ್ಣಾರೆ ಕಾಣಬಹುದು ಎಂಬ ಲೆಕ್ಕವೂ ಒಳಗೊಳಗೇ ಇತ್ತು.

ಮುದಿ ಮೆಕ್ಯಾನಿಕ್ ಲಾರಿಯ ಸುತ್ತ ಒಂದು ಸುತ್ತು ಬಂದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಮೊದಲು ಕೇಳಿದ್ದು ಇಂಜಿನ್ ವಿಷಯವಲ್ಲ.

“ಅಮ್ಮ ಹೇಗಿದ್ದಾರೆ?”

“ಇದ್ದಾರೆ” ಎಂದ ತೂಕದವನು. “ಬಿಚ್ಚೋವಾಗ ನಾನು ಎದುರಿಗಿರಬೇಕು.”

“ಇರು. ಸ್ಟೂಲು ಅಲ್ಲಿದೆ.”

“ಆಗ ಬಿಡಿಭಾಗ ಸಿಗಲ್ಲ ಅಂದಿದ್ರಂತೆ. ಈಗ ಎಲ್ಲಿಂದ ಬರುತ್ತೆ?”

“ಈಗ ಹಳೇ ಗಾಡಿ ಹುಚ್ಚಿನವರು ತುಂಬಾ ಜನ ಇದ್ದಾರೆ. ಹುಡುಕಿದ್ರೆ ಸಿಗುತ್ತೆ” ಎಂದ ಮೆಕ್ಯಾನಿಕ್, ಟೂಲ್ ಬಾಕ್ಸಿನೊಳಗೆ ಏನನ್ನೋ ಹುಡುಕುತ್ತ. ಏನೂ ಹುಡುಕುತ್ತಿಲ್ಲ, ಮುಖ ತಪ್ಪಿಸುತ್ತಿದ್ದಾನೆ ಎಂದು ತೂಕದವನಿಗೆ ಅನ್ನಿಸಿತು.

ರಜೆ ಹಾಕಿ, ಪಾಳಿ ಬದಲಿಸಿಕೊಂಡು ಅವನು ಗ್ಯಾರೇಜಿನಲ್ಲೇ ಬಿಡಾರ ಹೂಡಿದ. ರೇಡಿಯೇಟರ್ ಹೊರಬಂತು, ಆಮೇಲೆ ಇಂಜಿನ್ನೇ ಚೈನ್ ಕಪ್ಪಿಯಲ್ಲಿ ತೂಗುತ್ತ ಮೇಲೆದ್ದು ಮರದ ದಿಮ್ಮಿಗಳ ಮೇಲೆ ಕೂತಿತು. ಬಿಚ್ಚಿದ ಪ್ರತಿ ಬೋಲ್ಟನ್ನೂ ಮೆಕ್ಯಾನಿಕ್ ಡೀಸೆಲ್ಲಿನಲ್ಲಿ ತೊಳೆದು, ರಟ್ಟಿನ ತುಂಡಿನಲ್ಲಿ ತೂತು ಮಾಡಿ, ಇದ್ದ ಜಾಗದ ಕ್ರಮದಲ್ಲೇ ಸಿಕ್ಕಿಸಿಡುತ್ತಿದ್ದ. ತೂಕದವನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಮುದುಕನ ಕೈ ಕೆಲಸದಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದೇ ಅವನಿಗೆ ಇನ್ನೂ ಕಿರಿಕಿರಿ.

ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದ ದಿನ ಮಾತ್ರ ಮೆಕ್ಯಾನಿಕ್ಕಿನ ಕೈ ತಡವರಿಸಿತು. ತಳದಲ್ಲಿ ಬೂದಿ ಬಣ್ಣದ ದಪ್ಪ ರಾಡಿ ಕೂತಿತ್ತು. ಅವನು ಬಟ್ಟೆ ತೆಗೆದುಕೊಂಡು ಬೇಗಬೇಗ ಬಳಿಯತೊಡಗಿದ.

“ನಿಲ್ಲಿ. ಏನದು?”

“ಹಳೇ ಆಯಿಲು. ಇಷ್ಟು ವರ್ಷ ನಿಂತ್ರೆ ಹೀಗೇ ಆಗುತ್ತೆ.”

ತೂಕದವನು ಬಗ್ಗಿ ಒಂದು ಚಿಟಿಕೆ ತೆಗೆದು ಬೆರಳ ನಡುವೆ ಹೊಸಕಿದ. ಚರ್ಮ ಕೆರೆದುಹೋಗುವಷ್ಟು ತರಿತರಿ. ಮೆಕ್ಯಾನಿಕ್ ಅವನ ಬೆರಳುಗಳನ್ನೇ ನೋಡುತ್ತಿದ್ದ. ಇಂಜಿನ್ನಿನೊಳಗೆ ತಿರುಗುವ ದಪ್ಪ ದಂಡ, ಕ್ರ್ಯಾಂಕನ್ನು ಹೊರತೆಗೆದಾಗ, ಕನ್ನಡಿಯಂತೆ ಹೊಳೆಯಬೇಕಾದ ಅದರ ಕುತ್ತಿಗೆಗಳ ಮೇಲೆಲ್ಲ ಗೀರುಗಳಿದ್ದವು.

ಕ್ರ್ಯಾಂಕ್ ಸಾಣೆಗೆ ಲೇತ್ ಅಂಗಡಿಗೆ ಹೋಗಬೇಕಿತ್ತು. ತಾನೇ ಒಯ್ಯುತ್ತೇನೆಂದು ಹಟ ಹಿಡಿದ ತೂಕದವನು ಒಂದು ಮುದ್ದೆ ರಾಡಿಯನ್ನೂ ಕಾಗದದಲ್ಲಿ ಕಟ್ಟಿಕೊಂಡು ಹೋದ. ಲೇತಿನವನು ಮುಟ್ಟಿ ನೋಡಿ ಹುಬ್ಬೇರಿಸಿದ.

“ಇದು ವಾಲ್ವ್ ಉಜ್ಜೋ ಪೇಸ್ಟು. ಕಬ್ಬಿಣ ತಿನ್ನೋ ಸಾಮಾನು, ಇದು ಆಯಿಲಿಗೆ ಸೇರಿದ್ರೆ ಇಂಜಿನ್ ಕಥೆ ಮುಗೀತು.”

“ಕೆಲಸ ಮಾಡೋವಾಗ ಅಕಸ್ಮಾತ್ ಬಿದ್ದಿರಬಹುದಾ?”

“ಇಷ್ಟೊಂದಾ? ಡಬ್ಬಿಗಟ್ಟಲೆ ಸುರಿದಿದ್ದಾರೆ. ಬೇಕಂತಲೇ.”

ವಾಲ್ವ್ ಉಜ್ಜುವ ಪೇಸ್ಟು ಮೆಕ್ಯಾನಿಕ್ಕಿನ ಹತ್ತಿರವಲ್ಲದೆ ಇನ್ನಾರ ಹತ್ತಿರ ಇರುತ್ತದೆ? ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಹಲ್ಲು ಕಚ್ಚಿಕೊಂಡು ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದ. ಅಮ್ಮ ಬಟ್ಟೆ ಮಡಚುತ್ತಿದ್ದಳು. ಸಿಟ್ಟಾಗುತ್ತಾಳೆ, ಕಣ್ಣೀರಾದರೂ ಹಾಕುತ್ತಾಳೆ ಅಂದುಕೊಂಡಿದ್ದ.

“ಅವರು ಏನಂದ್ರು?” ಎಂದಳು ಅಮ್ಮ, ಮಡಚಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಚುತ್ತ.

“ಏನಂತಾನೆ? ಹಳೇ ಆಯಿಲು ಅಂದ.”

“ಹೋಗ್ಲಿ ಬಿಡು. ಆಗಿದ್ದಾಯ್ತು. ಗಾಡಿ ರಿಪೇರಿ ಆದ್ರೆ ಸಾಕು.”

ಅವರು! ಅಪ್ಪನ ಬದುಕು ಹಾಳುಮಾಡಿದವನಿಗೆ ಈ ಮರ್ಯಾದೆ ಯಾಕೆ? ತೂಕದವನ ತಲೆಯಲ್ಲಿ ಹುಳ ಹೊಕ್ಕಿತು. ಒಂದೊಂದೇ ನೆನಪಿಗೆ ಬಂತು. ಮೊದಲ ದಿನ ಅಮ್ಮ ಅವನ ಕೈಯಲ್ಲಿ ಫ್ಲಾಸ್ಕಿನ ತುಂಬ ಚಹಾ ಕೊಟ್ಟು, ‘ಕೆಲಸ ಮಾಡೋರಿಗೂ ಕೊಡು, ಸಕ್ಕರೆ ಹಾಕಿಲ್ಲ’ ಅಂದಿದ್ದಳು. ಮುದುಕ ಸಕ್ಕರೆ ಬಿಟ್ಟಿದ್ದು ಅಮ್ಮನಿಗೆ ಹೇಗೆ ಗೊತ್ತು? ಅಪ್ಪ ಅವನನ್ನು ಬೈಯುವಾಗಲೆಲ್ಲ ಅಮ್ಮ ಎದ್ದು ಒಳಗೆ ಹೋಗುತ್ತಿದ್ದುದು ಯಾಕೆ? ಯೋಚನೆ ಎಲ್ಲಿಗೆ ಹೋಗುತ್ತಿದೆಯೆಂದು ಗೊತ್ತಾಗಿ ಅವನಿಗೇ ನಾಚಿಕೆಯಾಯಿತು. ಆದರೂ ಯೋಚನೆ ನಿಲ್ಲಲಿಲ್ಲ. ಇದನ್ನು ಹೆಂಡತಿಯ ಹತ್ತಿರ ಹೇಳುವಂತೆಯೂ ಇರಲಿಲ್ಲ. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡವನಂತೆ ಓಡಾಡಿದ.

ಮರುದಿನ ಬೆಳಿಗ್ಗೆ, “ಇವತ್ತು ಪೂರ್ತಿ ಡ್ಯೂಟಿ, ಗ್ಯಾರೇಜಿಗೆ ಹೋಗಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟ. ಮಧ್ಯಾಹ್ನ ಗೂಡನ್ನು ಜೊತೆಗಾರನಿಗೆ ವಹಿಸಿ ಗ್ಯಾರೇಜಿನ ಹಿಂದಿನ ಓಣಿಯಿಂದ ಬಂದ. ತಗಡಿನ ಗೋಡೆಯ ಹತ್ತಿರ ನಿಂತಾಗ ಮೊದಲು ಕೇಳಿಸಿದ್ದೇ ಅಮ್ಮನ ದನಿ.

“ಅವನಿಗೆ ಗೊತ್ತಾಗಿಬಿಟ್ಟಿದೆ. ನಿಮ್ಮ ಮೇಲೇ ಅನುಮಾನ.”

“ಇರಲಿ ಬಿಡಿ ಅತ್ತಿಗೆ. ಅವರಪ್ಪನದೇ ಅಭ್ಯಾಸ ಆಗಿದೆ ನನಗೆ.”

“ಎಷ್ಟು ದಿನ ಅಂತ ನೀವು ಬೈಸಿಕೊಳ್ತೀರಿ? ನಾನೇ ಹೇಳ್ತೀನಿ.”

ತೂಕದವನು ಸುತ್ತಿಕೊಂಡು ಬಂದು ಬಾಗಿಲಲ್ಲಿ ನಿಂತ. “ಹೇಳು ಮತ್ತೆ” ಎಂದ.

ಮೆಕ್ಯಾನಿಕ್ ಸ್ಪ್ಯಾನರನ್ನು ಕೆಳಗಿಟ್ಟ. ಅಮ್ಮ ಬೆಚ್ಚಲಿಲ್ಲ. ಮಗ ದಿನಾ ಕೂರುವ ಸ್ಟೂಲಿನ ಮೇಲೆ ಕೂತಿದ್ದವಳು ಕೂತಲ್ಲಿಂದಲೇ ಹೇಳಿದಳು.

“ಪೇಸ್ಟು ಹಾಕಿದ್ದು ನಾನು. ಡಬ್ಬಿ ಕೊಟ್ಟಿದ್ದು ಇವರು. ನಿಮ್ಮಪ್ಪನಿಗೆ ಕಣ್ಣು ಕಾಣ್ತಿರಲಿಲ್ಲ.”

“ಸುಳ್ಳು. ಲೈಸೆನ್ಸಿನ ಕಣ್ಣು ಪರೀಕ್ಷೆ ಪಾಸಾಗಿದ್ರಲ್ಲ?”

“ಗೋಡೆ ಮೇಲಿನ ಆ ಅಕ್ಷರಗಳನ್ನ ಬಾಯಿಪಾಠ ಮಾಡಿಕೊಂಡಿದ್ರು. ರಾತ್ರಿ ನಿದ್ದೇಲೂ ಒಪ್ಪಿಸೋರು. ಒಂದಿನ ನನ್ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಹೋಗ್ತಿದ್ರು. ರಸ್ತೆ ದಾಟ್ತಿದ್ದ ಒಬ್ಬ ಹೆಂಗಸು, ಕೈಯಲ್ಲಿ ಮಗು. ನಾನು ಕೂಗಿದ ಮೇಲೆ ಬ್ರೇಕ್ ಹಾಕಿದ್ದು. ‘ಯಾಕೆ ಕಿರುಚ್ತೀಯ, ಏನಿತ್ತು?’ ಅಂದ್ರು. ಅವರಿಗೆ ಕಂಡೇ ಇರಲಿಲ್ಲ ಕಣೋ.”

ಬೇಡಿಕೊಂಡಳಂತೆ, ಜಗಳವಾಡಿದಳಂತೆ, ಕೀಲಿ ಬಚ್ಚಿಟ್ಟಳಂತೆ. ಅಪ್ಪ ವೈರು ಜೋಡಿಸಿ ಶುರುಮಾಡಿಕೊಂಡು ಹೋದನಂತೆ. ಕೊನೆಗೆ ಗೆಳೆಯನ ಹತ್ತಿರ ಬಂದಳು. ಲಾರಿ ಓಡುವಾಗ ಗಕ್ಕನೆ ನಿಲ್ಲಬಾರದು, ನಿಧಾನಕ್ಕೆ ಸದ್ದು ಮಾಡಿ ಸಾಯಬೇಕು, ಆಮೇಲೆ ರಿಪೇರಿಯಾಗಬಾರದು. ಅಂಥದ್ದೇನು ಎಂದು ಕೇಳಿದಳು.

“ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ” ಎಂದಳು ಅಮ್ಮ. “ಅವರು ಮನೇಲಿ ಕೂತು ಬೈಕೊಂಡು ಬದುಕಿದ್ರು. ರಸ್ತೆ ಮೇಲಿನವರೂ ಬದುಕಿದ್ರು.”

ತೂಕದವನು ಮೆಕ್ಯಾನಿಕ್ಕಿನ ಕಡೆ ತಿರುಗಿದ. “ನಿಮಗೆ ಈ ಲಾರಿ ಬೇಕಿತ್ತಲ್ಲ?”

“ಬೇಕಿತ್ತು” ಎಂದ ಮುದುಕ. “ಹೊಟ್ಟೆಕಿಚ್ಚು ಇರಲಿಲ್ಲ ಅಂತ ನಿನ್ನೆದುರು ಸುಳ್ಳು ಹೇಳಲ್ಲ. ಡಬ್ಬಿ ಕೊಡೋವಾಗ ಅತ್ತಿಗೆ ಕೈ ನಡುಗ್ತಿತ್ತು, ನನ್ನದು ನಡುಗಲಿಲ್ಲ. ಅದು ಯಾಕೆ ಅಂತ ನನಗೂ ಗೊತ್ತಿಲ್ಲ.”

ತೂಕದವನು ಅಲ್ಲಿಂದ ಹೊರಟುಬಿಟ್ಟ. ಇಂಜಿನ್ ಚೂರುಚೂರಾಗಿ ಗ್ಯಾರೇಜಿನಲ್ಲೇ ಬಿದ್ದಿತ್ತು. ಮನೆಯಲ್ಲಿ ಅಮ್ಮನ ಜೊತೆ ಮಾತು ಬಿಟ್ಟ. ಅಪ್ಪನಿಗೆ ಇಬ್ಬರೂ ಸೇರಿ ಮೋಸ ಮಾಡಿದರು ಅನ್ನುವ ಸಂಕಟ ಒಂದು ಕಡೆ. ಅಮ್ಮ ಹೇಳಿದ್ದರಲ್ಲಿ ಎಷ್ಟು ನಿಜ ಅನ್ನುವ ಗುಮಾನಿ ಇನ್ನೊಂದು ಕಡೆ. ಕಣ್ಣು ಕಾಣುತ್ತಿರಲಿಲ್ಲ ಅನ್ನುವುದಕ್ಕೆ ಸಾಕ್ಷಿ ಯಾರು?

ಗೂಡಿನಲ್ಲಿ ಕೂತಿದ್ದಾಗ ಒಂದು ಮಧ್ಯಾಹ್ನ ಸಾಕ್ಷಿ ತಾನೇ ಎಂದು ಹೊಳೆಯಿತು. ತಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಪ್ರತಿದಿನ ಪೇಪರನ್ನು ಅವನ ಕೈಗೆ ಕೊಟ್ಟು, “ಜೋರಾಗಿ ಓದು, ನಿನ್ನ ಓದು ಕೇಳೋಕೆ ಚೆಂದ” ಅನ್ನುತ್ತಿದ್ದ. ಮಗನ ಮೇಲಿನ ಹೆಮ್ಮೆಯೆಂದೇ ಅವನು ಎದೆಯುಬ್ಬಿಸಿ ಓದುತ್ತಿದ್ದ. ಊಟಕ್ಕೆ ಕೂತಾಗ ಅಪ್ಪ ಲೋಟಕ್ಕೆ ಕೈಹಾಕುವ ಮುನ್ನ ಮೇಜಿನ ಮೇಲೆ ಬೆರಳಾಡಿಸುತ್ತಿದ್ದುದೂ ಕಣ್ಣಿಗೆ ಕಟ್ಟಿತು. ಗೇಣುದ್ದ ಹೊರಗುಳಿದ ಗಾಲಿಯನ್ನು ಗಾಜಿನೊಳಗಿಂದ ಹಿಡಿಯುವವನು ಮನೆಯೊಳಗಿದ್ದುದನ್ನು ನೋಡಿರಲಿಲ್ಲ. ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತ. ಹೊರಗೆ ತೂಕಕ್ಕೆ ನಿಂತಿದ್ದ ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ.

ಲೇತ್ ಅಂಗಡಿಯಿಂದ ಕ್ರ್ಯಾಂಕ್ ಎತ್ತಿಕೊಂಡು ಗ್ಯಾರೇಜಿಗೆ ಹೋದಾಗ ಮೆಕ್ಯಾನಿಕ್ ಅದರ ಕುತ್ತಿಗೆಗಳನ್ನು ಬೆರಳಲ್ಲಿ ಸವರಿ ನೋಡಿದ. ಹಬೆಯಾಡುವ ಬಿಸಿನೀರಿನಲ್ಲಿ ತೊಳೆದಿಟ್ಟ ಇಂಜಿನ್ನಿನ ಒಡಲಿಗೆ ಹೊಸ ಬೇರಿಂಗು ಕೂರಿಸಿ, ಕ್ರ್ಯಾಂಕ್ ಇಳಿಸಿ, ಬೋಲ್ಟುಗಳನ್ನು ಒಂದಾದ ಮೇಲೊಂದು ಅಳತೆಯ ಬಿಗಿಗೆ ತಂದರು. ಪ್ರತಿ ಸಲವೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು. ಹಿಡಿದರೆ ಮತ್ತೆ ಬಿಚ್ಚಬೇಕು. ಎಣ್ಣೆ ಹರಿಯುವ ಸಣ್ಣ ತೂತುಗಳಿಗೆ ತಂತಿಬ್ರಶ್ಶು ಹಾಕಿ ಗಾಳಿ ಊದಿ, ತರಿಯ ಒಂದು ಕಣವೂ ಉಳಿದಿಲ್ಲವೆಂದು ತೂಕದವನು ಟಾರ್ಚ್ ಹಿಡಿದು ತಾನೇ ನೋಡಿದ.

“ನೋಡು, ನೋಡು” ಎಂದ ಮೆಕ್ಯಾನಿಕ್. “ನೀನಾದ್ರೂ ನೋಡಿ ನಂಬು.”

ಇಂಜಿನ್ನನ್ನು ಮತ್ತೆ ಲಾರಿಗೆ ಕೂರಿಸಿ, ಮೊದಲು ಡೀಸೆಲ್ ಬಿಡದೆ ಬರೀ ತಿರುಗಿಸಿದರು. ಎಣ್ಣೆಯ ಒತ್ತಡದ ಮುಳ್ಳು ಸೊನ್ನೆಯಲ್ಲೇ ನಿಂತಿತ್ತು, ಆಮೇಲೆ ಮೆಲ್ಲಗೆ ಕದಲಿ ಏರಿತು. ಡೀಸೆಲ್ ಬಿಟ್ಟಾಗ ಇಂಜಿನ್ ಬಿಳಿ ಹೊಗೆ ಕಾರಿ, ಕೆಮ್ಮಿ, ತಗಡಿನ ಗೋಡೆಯನ್ನೆಲ್ಲ ಅದುರಿಸಿ ಓಡತೊಡಗಿತು. ಮುದುಕ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದ. ಮುಖ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಹೊಗೆಗೋ ಇನ್ನೇನಕ್ಕೋ, ತೂಕದವನಿಗೆ ತಿಳಿಯಲಿಲ್ಲ.

ಹೊಸದಾಗಿ ಜೋಡಿಸಿದ ಇಂಜಿನ್ ಪಳಗಲು ಕೆಲವು ದಿನ ಹಗುರವಾಗಿ ಓಡಿಸಬೇಕಿತ್ತು. ಒಂದು ಭಾನುವಾರ ತೂಕದವನೇ ಮನೆಯೆದುರು ಲಾರಿ ನಿಲ್ಲಿಸಿ, “ಬರ್ತೀಯೇನಮ್ಮ?” ಎಂದ. ಎಷ್ಟೋ ದಿನಗಳ ಮೇಲೆ ಆಡಿದ ಮಾತು ಅದು. ಅಮ್ಮ ಚಪ್ಪಲಿ ಹಾಕಿಕೊಂಡು ಬಂದಳು. ಮೆಕ್ಯಾನಿಕ್ ಕಿಟಕಿಯ ಪಕ್ಕ, ಅಮ್ಮ ನಡುವೆ. ಲಾರಿ ಗಡಗಡಿಸುತ್ತ ಹೆದ್ದಾರಿಗೆ ಬಂತು. ಅವರಿಬ್ಬರೂ ಏನೋ ಮಾತಾಡಿಕೊಳ್ಳತೊಡಗಿದರು. ಇಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅಮ್ಮ ನಕ್ಕಿದ್ದು ಮಾತ್ರ ಓರೆಗಣ್ಣಿಗೆ ಬಿತ್ತು. ಕೇಳಿಸೀತೇನೋ ಎಂದು ತೂಕದವನು ತನಗರಿವಿಲ್ಲದೆಯೇ ವೇಗ ಇಳಿಸಿದ, ಇನ್ನೂ ಇಳಿಸಿದ.

“ಗೇರ್ ಇಳಿಸಪ್ಪ” ಎಂದ ಮೆಕ್ಯಾನಿಕ್ ಅವನತ್ತ ಬಗ್ಗಿ. “ಇಂಜಿನ್ ತಿಣುಕ್ತಾ ಇದೆ. ಏನು ಮಾತಾಡ್ತಿದ್ವಿ ಅಂತ ಆಮೇಲೆ ಹೇಳ್ತೀನಿ.”

ತೂಕದವನು ಕಿವಿ ಕೆಂಪಗೆ ಮಾಡಿಕೊಂಡು ಗೇರ್ ಇಳಿಸಿದ.